ಮಿಂಚಿನ ಗುರುತಿನ ದೀಪ: ಸೊಸೆಗೆ ಅತ್ತೆಯ ಪತ್ರ

ಶಿರಸಿ

ಪ್ರೀತಿಯ ಸೊಸೆಗೆ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಪ್ಪ ಫೋನ್ ಮಾಡಿದ್ದ. ನಿನ್ನ ಕಾರಿನಲ್ಲಿ ಮಿಂಚಿನ ಗುರುತಿನ ದೀಪ ಬಂತಂತೆ, ಗ್ಯಾರೇಜಿನವರು ಅದನ್ನು ಆರಿಸಿಕೊಟ್ಟರಂತೆ, ಮತ್ತೆ ಬಂದಾಗ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯನ್ನೇ ಬದಲಿಸಬೇಕು ಎಂದರಂತೆ. ಪಾಲಿಟೆಕ್ನಿಕ್‌ನಲ್ಲಿ ಇಷ್ಟು ವರ್ಷ ಆಟೊಮೊಬೈಲ್ ಪಾಠ ಮಾಡಿದ ಅತ್ತೆ ಇರುವಾಗ ನೀನು ಒಬ್ಬಳೇ ಕಂಗಾಲಾಗಿ ಕೂರಬೇಕಿಲ್ಲ, ತಂಗೀ. ಮೊದಲ ಮಾತು: ಕೋಡ್, ಅಂದರೆ ಕಾರಿನ ಕಂಪ್ಯೂಟರ್ ದಾಖಲಿಸಿಟ್ಟ ದೋಷದ ಸಂಖ್ಯೆ, ಏನೆಂದು ತಿಳಿಯುವವರೆಗೆ ಯಾವ ಬಿಡಿಭಾಗಕ್ಕೂ ಒಪ್ಪಿಕೊಳ್ಳಬೇಡ.

ಇಂಜಿನ್ನಿಗೆ ಗಾಳಿ ಬಿಡುವ ಏರ್ಪಾಡಿನಲ್ಲಿ ದೋಷ ಕಂಡರೆ ಆ ದೀಪ ಬರುತ್ತದೆ. ಹಿಂದಿನ ಕಾರುಗಳಲ್ಲಿ ಆಕ್ಸಿಲರೇಟರ್ ಪೆಡಲಿನಿಂದ ಇಂಜಿನ್‌ವರೆಗೆ ಕೇಬಲ್ ಇರುತ್ತಿತ್ತು. ಕಾಲು ಒತ್ತಿದಷ್ಟು ಗಾಳಿಯ ದಾರಿ ತೆರೆಯುತ್ತಿತ್ತು. ನಿನ್ನ ಕಾರಿನಲ್ಲಿ ಆ ಕೇಬಲ್ ಇಲ್ಲ. ಪೆಡಲಿನ ಬುಡದಲ್ಲಿರುವ ಸೆನ್ಸರ್ ನೀನು ಎಷ್ಟು ಒತ್ತಿದೆ ಎಂದು ಇಂಜಿನ್ ಕಂಪ್ಯೂಟರ್‌ಗೆ ತಿಳಿಸುತ್ತದೆ. ಕಂಪ್ಯೂಟರ್ ಥ್ರಾಟಲ್ ಬಾಡಿಯ ಪುಟ್ಟ ಮೋಟಾರಿಗೆ ಆಜ್ಞೆ ಕೊಟ್ಟು ದುಂಡನೆಯ ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆ ಹೇಳಿದಷ್ಟೇ ತಿರುಗಿತೇ ಎಂದು ಅಲ್ಲಿಯ ಸೆನ್ಸರ್ ವರದಿ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ್ದು ಏನೆಂದರೆ, ಪೆಡಲಿನಲ್ಲೂ ಥ್ರಾಟಲ್‌ನಲ್ಲೂ ಒಂದಲ್ಲ, ಎರಡೆರಡು ಸೆನ್ಸರ್ ಇರುತ್ತವೆ. ಅನೇಕ ಕಾರುಗಳ ಥ್ರಾಟಲ್‌ನಲ್ಲಿ ಒಂದರ ವೋಲ್ಟೇಜ್ ಏರುತ್ತಿದ್ದರೆ ಇನ್ನೊಂದರದು ಇಳಿಯುತ್ತದೆ, ಎರಡನ್ನೂ ಕೂಡಿಸಿದರೆ ಯಾವಾಗಲೂ ಸುಮಾರು 5 ವೋಲ್ಟ್. ಲೆಕ್ಕ ತಪ್ಪಿದರೆ ಯಾವ ಸೆನ್ಸರ್ ನಿಜ ಹೇಳುತ್ತಿದೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ. ಆಗ ಅದು ಅಪಾಯದ ಕಡೆಗೆ ವಾಲುವುದಿಲ್ಲ. ದೀಪ ಹಚ್ಚುತ್ತದೆ, ಇಂಜಿನ್ನಿನ ಬಲವನ್ನು ತಾನೇ ತಗ್ಗಿಸುತ್ತದೆ. ನೀನು ಪೆಡಲ್ ಒತ್ತಿದರೂ ಕಾರು ಎಳೆಯದೆ ಹೋದದ್ದು ಇದಕ್ಕೇ. ಕಾರು ತಾನಾಗಿ ನುಗ್ಗದಿರಲಿ ಎಂದು ಮಾಡಿದ ಈ ಏರ್ಪಾಡನ್ನು ನಾನು ತುಂಬ ಮೆಚ್ಚುತ್ತೇನೆ.

ಎಲ್ಲ ಕಾರುಗಳಲ್ಲೂ ಗುರುತು ಒಂದೇ ಅಲ್ಲ. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಇಪಿಸಿ (EPC) ಎಂಬ ಅಕ್ಷರಗಳು, ಫೋರ್ಡ್‌ನಲ್ಲಿ ಸ್ಪ್ಯಾನರ್ ಚಿತ್ರ. ಕೀ ತಿರುಗಿಸಿದಾಗ ಸ್ವಲ್ಪ ಹೊತ್ತು ಬೆಳಗಿ ಆರಿದರೆ ಅದು ದೀಪದ ಪರೀಕ್ಷೆ ಮಾತ್ರ, ಹೆದರಬೇಡ. ಓಡುವಾಗ ಬಂದು ಹಾಗೇ ಉಳಿದರೆ ಸಾಮಾನ್ಯವಾಗಿ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗತೊಡಗಿದರೆ ಮುಂದೆ ಹೋಗಲೇಬೇಡ. ಇಂಜಿನ್ ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು.

ನನಗೆ ಚಿಂತೆ ಇರುವುದು ಕುಮಟಾ–ಶಿರಸಿ ದಾರಿಯ ದೇವಿಮನೆ ಘಟ್ಟದ್ದು. ಕತಗಾಲ ದಾಟಿ ಏರು ಹಿಡಿದ ಮೇಲೆ, ಮಳೆಗಾಲದ ಮಂಜಿನಲ್ಲಿ, ಹಿಂದೆ ಲಾರಿ ಬರುತ್ತಿರುವಾಗ ಎಳೆತ ತಪ್ಪಿದರೆ ಏನು ಮಾಡಬೇಕೆಂದು ಈಗಲೇ ಮನಸ್ಸಿನಲ್ಲಿ ಇಟ್ಟುಕೋ. ಪೆಡಲನ್ನು ಪದೇ ಪದೇ ತುಳಿಯಬೇಡ, ಅದರಿಂದ ಬಲ ಬರುವುದಿಲ್ಲ. ನಾಲ್ಕೂ ಇಂಡಿಕೇಟರ್ ಹಾಕು, ಚಿಕ್ಕ ಗೇರಿಗೆ ಇಳಿಸು, ತಿರುವಿನಲ್ಲಿ ನಿಲ್ಲದೆ ಅಗಲವಾದ ಅಂಚು ಸಿಕ್ಕಿದಲ್ಲಿ ನಿಲ್ಲಿಸು. ಇಂಜಿನ್ ನಿಂತೇ ಹೋದರೆ ಸ್ಟಿಯರಿಂಗ್ ಭಾರವಾಗುತ್ತದೆ. ಬ್ರೇಕಿಗೆ ಉಳಿದಿರುವ ನೆರವು ಒಂದೆರಡು ಸಲಕ್ಕೆ ಮಾತ್ರ, ಆದ್ದರಿಂದ ಒಮ್ಮೆಗೇ ಗಟ್ಟಿಯಾಗಿ ಒತ್ತಿ ಹಿಡಿ. ಕಾರು ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಕೆಲವೊಮ್ಮೆ ದೀಪ ಹೋಗುತ್ತದೆ. ಹೋಯಿತೆಂದು ದೋಷ ವಾಸಿಯಾಯಿತು ಎಂದುಕೊಳ್ಳಬೇಡ. ಇಳಿಜಾರಿನಲ್ಲಂತೂ ನ್ಯೂಟ್ರಲ್ ಮಾಡಬೇಡ.

ಇನ್ನು ಗ್ಯಾರೇಜಿನ ವಿಷಯ. ದೀಪ ಆರಿಸುವುದು ರಿಪೇರಿ ಅಲ್ಲ. ಬ್ಯಾಟರಿ ತಂತಿ ಬಿಚ್ಚಿ ಆರಿಸಿದರೆ ಕೋಡ್ ಕೂಡ ಅಳಿಸಿ ಹೋಗಬಹುದು. ರೋಗಿಯ ಚೀಟಿ ಹರಿದು ಹಾಕಿ ಔಷಧ ಬರೆದಂತೆ ಆಗುತ್ತದೆ. ಕೋಡ್ ಓದುವ ಸ್ಕ್ಯಾನರ್ ಹಾಕಿಸಿ, ಅಳಿಸುವ ಮೊದಲು ಆ ಅಂಕಿಯ ಫೋಟೊ ತೆಗೆದುಕೋ. ಪಿ 2135 ಎಂದರೆ ಸಾಮಾನ್ಯವಾಗಿ ಥ್ರಾಟಲ್‌ನ ಎರಡು ಸೆನ್ಸರುಗಳಿಗೆ ತಾಳೆಯಿಲ್ಲ. ಪಿ 2138 ಎಂದರೆ ಪೆಡಲಿನ ಎರಡಕ್ಕೆ ತಾಳೆಯಿಲ್ಲ. ಎರಡನೆಯದು ಬಂದಿದ್ದರೆ ದುಬಾರಿ ಥ್ರಾಟಲ್ ಬಾಡಿ ಹಾಕಿಸಿದರೂ ದೀಪ ಮರಳಿ ಬರುತ್ತದೆ.

ಕೋಡ್ ಕೂಡ ಎಲ್ಲಿ ಹುಡುಕಬೇಕೆಂದು ಹೇಳುತ್ತದೆಯೇ ಹೊರತು ಯಾವುದನ್ನು ಬದಲಿಸಬೇಕೆಂದಲ್ಲ. ನೀನು ಇರುವುದು ಕಡಲ ಪಕ್ಕದಲ್ಲಿ, ಉಪ್ಪುಗಾಳಿಯ ಊರಿನಲ್ಲಿ. ಒಮ್ಮೆ ಹೀಗೆಯೇ ದೀಪ ಬರುತ್ತಿದ್ದ ಕಾರಿನ ಪೆಡಲ್ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿದೆ. ಐದು ಪಿನ್ನು ಥಳಥಳಿಸುತ್ತಿದ್ದವು, ಆರನೆಯದರ ಬುಡದಲ್ಲಿ ಹಸಿರು ಕಿಲುಬು. ಅದನ್ನು ಶುಚಿ ಮಾಡಿ ಗಟ್ಟಿಯಾಗಿ ಕೂರಿಸಿದ ಮೇಲೆ ಆ ಕಾರಿಗೆ ಬೇರೇನೂ ಬೇಕಾಗಲಿಲ್ಲ. ಹಾಗಾಗಿ ಕನೆಕ್ಟರ್ ಬಿಚ್ಚಿ ತೋರಿಸಿ ಎಂದು ಕೇಳು, ನೀನೇ ಬಗ್ಗಿ ನೋಡು. ಮಳೆಗಾಲದಲ್ಲಿ ನೀನು ಇಲ್ಲಿ ಕಾರನ್ನು ಅಡಿಕೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದೆ, ಇಲಿ ವೈರ್ ಕಡಿದಿರಲೂ ಬಹುದು. ಬ್ಯಾಟರಿ ಬಡವಾಗಿದ್ದರೂ ಸೆನ್ಸರುಗಳ ಲೆಕ್ಕ ಕೆಡಬಹುದು. ಕೆಲವು ಕಾರುಗಳಲ್ಲಿ ಹಿಂದಿನ ಬ್ರೇಕ್ ದೀಪ ಹಚ್ಚುವ ಬ್ರೇಕ್ ಸ್ವಿಚ್ ಕೆಟ್ಟರೂ ಇಂಥದೇ ದೀಪ ಬರುತ್ತದೆ, ಅದು ಅಗ್ಗದ ಸಾಮಾನು. ರಾತ್ರಿ ಕಾರನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತು. ಗೋಡೆಯ ಮೇಲೆ ಕೆಂಪು ಬೀಳದಿದ್ದರೆ, ಅಥವಾ ಕಾಲು ತೆಗೆದ ಮೇಲೂ ಉಳಿದರೆ, ಅಲ್ಲಿಂದ ಶುರು ಮಾಡಿಸು.

ತಟ್ಟೆಯ ಅಂಚಿಗೆ ಮಸಿ ಕಟ್ಟಿದ್ದರೆ ತೊಳೆಸಿದರೆ ಸಾಕಾಗಬಹುದು. ಆದರೆ ಕೀ ಚಾಲೂ ಇರುವಾಗ ಆ ತಟ್ಟೆಗೆ ಬೆರಳು ಹಾಕಲು ಯಾರಿಗೂ ಬಿಡಬೇಡ. ಮೋಟಾರ್ ಥಟ್ಟನೆ ಮುಚ್ಚಿದರೆ ಬೆರಳಿಗೆ ಪೆಟ್ಟು, ಬಲವಂತ ಮಾಡಿದರೆ ಒಳಗಿನ ಗೇರಿಗೆ ಪೆಟ್ಟು. ತೊಳೆದ ಮೇಲೆ ಅನೇಕ ಕಾರುಗಳಿಗೆ ಸ್ಕ್ಯಾನರ್‌ನಿಂದ ತಟ್ಟೆಯ ಸ್ಥಾನವನ್ನು ಮತ್ತೆ ಕಲಿಸಬೇಕಾಗುತ್ತದೆ. ಅದನ್ನೂ ಮಾಡಿದ್ದೀರಾ ಎಂದು ಬಾಯಿಬಿಟ್ಟು ಕೇಳು.

ಕೋಡಿನ ಫೋಟೊ ಸಿಕ್ಕಿದ ಕೂಡಲೇ ನನಗೆ ಕಳಿಸು, ದೀಪ ಬಂದಾಗ ಮಳೆಯಿತ್ತೇ, ಇಂಜಿನ್ ಬಿಸಿಯಿತ್ತೇ ಎಂಬುದನ್ನೂ ಬರೆ. ಹಬ್ಬಕ್ಕೆ ಬರುವಷ್ಟರಲ್ಲಿ ಕಾರು ಸರಿಯಾಗದಿದ್ದರೆ ಬಸ್ಸಿನಲ್ಲಿ ಬಾ, ನಿಲ್ದಾಣಕ್ಕೆ ನಾನೇ ಬರುತ್ತೇನೆ.

ಇತಿ,
ನಿನ್ನ ಅತ್ತೆ