96 ಸಲ ಹೇಳಿದರೂ ನಿಮಗೆ ಕೇಳಿಸಲಿಲ್ಲ

ಗ್ರಾಹಕ ಸೇವೆಯ ಮುಖ್ಯಸ್ಥರಿಗೆ,

ನಮಸ್ಕಾರ. ಮೂರು ಸಲ ಫೋನ್ ಮಾಡಿದ್ದೇನೆ, ಎರಡು ದೂರಿನ ಟಿಕೆಟ್ ಹಾಕಿದ್ದೇನೆ. ಎರಡನ್ನೂ ನನ್ನನ್ನು ಒಂದು ಮಾತು ಕೇಳದೆ ಮುಚ್ಚಿದ್ದೀರಿ. ಅದಕ್ಕೇ ಈ ಪತ್ರ.

ನಮ್ಮದು ಹಳ್ಳಿ ಡೈರಿಗಳಿಗೆ ಹಾಲಿನ ಲೆಕ್ಕದ ಸಾಫ್ಟ್‌ವೇರ್ ಕೊಡುವ ಚಿಕ್ಕ ಕಂಪನಿ. ನಮ್ಮ 40 ಸರ್ವರ್‌ಗಳ ಸೆಟ್ಟಿಂಗ್‌ಗಳನ್ನು ಶೆಫ್ ಅನ್ನುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ, ಅರ್ಧ ಗಂಟೆಗೊಮ್ಮೆ ಓಡುತ್ತದೆ, ಅದೇ ಒಂದು ರನ್. ರನ್ ಪಾಸಾಯಿತೋ ಫೇಲಾಯಿತೋ, ಎಷ್ಟು ಸೆಕೆಂಡ್ ಹಿಡಿಯಿತು, ಸರ್ವರ್‌ನಲ್ಲಿ ಎಷ್ಟು ಅಂಶ ಬದಲಾಯಿತು, ಎಲ್ಲವನ್ನೂ ಕೊನೆಯಲ್ಲಿ ಹ್ಯಾಂಡ್ಲರ್ ಅನ್ನುವ ಚಿಕ್ಕ ಪ್ರೋಗ್ರಾಂ ನಿಮ್ಮ ಮಾನಿಟರಿಂಗ್ ಸೇವೆಗೆ ಕಳಿಸುತ್ತದೆ. ಫೇಲಾದರೆ ನೀವು ನಮ್ಮನ್ನು ಎಬ್ಬಿಸಬೇಕು. ದುಡ್ಡು ಕೊಡುವುದು ಅದಕ್ಕೇ.

ಕಳೆದ ತಿಂಗಳು ಒಂದು ಸರ್ವರ್‌ನಲ್ಲಿ ಎರಡು ದಿನ ರನ್ ಫೇಲಾಗುತ್ತಲೇ ಇತ್ತು. ಒಂದು ಪ್ಯಾಕೇಜ್ ಇನ್‌ಸ್ಟಾಲ್ ಆಗದೆ ಅಲ್ಲೇ ನಿಲ್ಲುತ್ತಿತ್ತು, ಅದರ ಮುಂದಿದ್ದ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಹೊಸ ಸರ್ಟಿಫಿಕೇಟ್ ಹಾಕುವ ಹಂತಕ್ಕೆ ಹೋಗಲೇ ಇಲ್ಲ. 96 ಸಲ ಹ್ಯಾಂಡ್ಲರ್ ನಿಮಗೆ ಹೇಳಿತು. 96 ಸಲವೂ ನಿಮ್ಮಿಂದ 202 ಅನ್ನುವ ಉತ್ತರದ ಕೋಡ್ ಬಂತು, ಅಂದರೆ ತೆಗೆದುಕೊಂಡಿದ್ದೇವೆ ಅಂತ. ಡ್ಯಾಶ್‌ಬೋರ್ಡ್‌ನಲ್ಲಿ ಒಂದೂ ಇಲ್ಲ, ಅಲರ್ಟ್ ಇಲ್ಲ. ಮೂರನೇ ದಿನ ಬೆಳಗಿನ ಜಾವ ಹಳೆಯ ಸರ್ಟಿಫಿಕೇಟ್ ಅವಧಿ ಮುಗಿಯಿತು. ಆರು ಗಂಟೆಗೆ ಕ್ಯಾನ್ ಹಿಡಿದು ಬಂದವರಿಗೆ ಫ್ಯಾಟ್ ಎಷ್ಟು, ದುಡ್ಡು ಎಷ್ಟು ಅನ್ನುವ ಚೀಟಿ ಸಿಗಲಿಲ್ಲ. ಡೈರಿ ಸೆಕ್ರೆಟರಿಗಳು ನೋಟ್‌ಬುಕ್‌ನಲ್ಲಿ ಬರೆದುಕೊಂಡರು, ಜನರಿಂದ ಬೈಸಿಕೊಂಡರು.

ಈಗ ಮೂರನೇ ಫೋನ್ ಕರೆಯ ವಿಷಯ. 38 ನಿಮಿಷ. ನಮ್ಮ ಯಜಮಾನರೂ ಲೈನ್‌ನಲ್ಲಿದ್ದರು. ನಿಮ್ಮವರ ಮೊದಲ ಪ್ರಶ್ನೆ, ‘ಮೇಡಂ, ಎಪಿಐ ಕೀ ಸರಿಯಾಗಿ ಹಾಕಿದ್ದೀರಾ?’ ನಿಮ್ಮ ಸೇವೆಗೆ ಡೇಟಾ ಕಳಿಸಲು ಬೇಕಾದ ಆ ಗುಪ್ತ ಕೀ ತಪ್ಪಿದ್ದರೆ 403 ಬರುತ್ತದೆ, ನಮಗೆ ಬರುತ್ತಿರುವುದು 202 ಅಂದೆ. ‘ಏಜೆಂಟ್ ರೀಸ್ಟಾರ್ಟ್ ಮಾಡಿ.’ ಸರ್ವರ್‌ನಲ್ಲಿ ಕೂತು ಡೇಟಾ ಕಳಿಸುವ ನಿಮ್ಮ ಏಜೆಂಟ್ ಪ್ರೋಗ್ರಾಂ ಇದರಲ್ಲಿ ಇಲ್ಲವೇ ಇಲ್ಲ, ಹ್ಯಾಂಡ್ಲರ್ ನೇರವಾಗಿ 443 ಪೋರ್ಟ್‌ನಲ್ಲಿ ಕಳಿಸುತ್ತದೆ ಅಂದೆ. ‘ನಿಮ್ಮ ಸರ್ವರ್ ಗಡಿಯಾರ ತಪ್ಪಿರಬೇಕು.’ ಗಡಿಯಾರ ಸರಿಯಾಗಿಡುವ ಕ್ರೋನಿ ಪ್ರೋಗ್ರಾಂ ಓಡುತ್ತಿದೆ, ಒಂದು ಸೆಕೆಂಡೂ ವ್ಯತ್ಯಾಸವಿಲ್ಲ, ಔಟ್‌ಪುಟ್ ಟಿಕೆಟ್‌ನಲ್ಲೇ ಇದೆ ನೋಡಿ ಅಂದೆ. ನೋಡಿರಲಿಲ್ಲ. ಒಂಬತ್ತು ನಿಮಿಷ ಹೋಲ್ಡ್‌ನಲ್ಲಿಟ್ಟು ವಾಪಸ್ ಬಂದವರು ಮತ್ತೆ ಎಪಿಐ ಕೀ ಕೇಳಿದರು. ಆಮೇಲೆ ಹೇಳಿದರು: ‘ನಿಮ್ಮಲ್ಲಿ ಟೆಕ್ನಿಕಲ್ ಗೊತ್ತಿರುವವರು ಯಾರಾದರೂ ಇದ್ದರೆ ಅವರಿಗೆ ಫೋನ್ ಕೊಡಿ.’ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಯಜಮಾನರು ಏನೂ ಮಾತಾಡಲಿಲ್ಲ. ಆ ಮೌನ ನನಗೆ ಇನ್ನೂ ಚುಚ್ಚುತ್ತಿದೆ.

ಕಾರಣವನ್ನು ಕೊನೆಗೆ ನಾನೇ ಹುಡುಕಿದೆ. ರನ್ ಐಡಿಯನ್ನೂ ಟ್ಯಾಗ್ ಆಗಿ, ಅಂದರೆ ಕಳಿಸುವ ಅಂಕಿಗೆ ಅಂಟಿಸುವ ಗುರುತಾಗಿ, ಹಾಕಿ, ಹುಡುಕಲು ಸುಲಭ ಅಂತ ಹೇಳಿಕೊಟ್ಟವರು ನಿಮ್ಮವರೇ. ಆ ಐಡಿ ಪ್ರತಿ ರನ್‌ಗೂ ಬೇರೆ, ಹೊಸ ಟ್ಯಾಗ್ ಬಂದರೆ ನಿಮ್ಮ ಲೆಕ್ಕದಲ್ಲಿ ಅದು ಹೊಸ ಮೆಟ್ರಿಕ್, ಅಂದರೆ ಹೊಸದೊಂದು ಅಳತೆ. 40 ಸರ್ವರ್, ದಿನಕ್ಕೆ 48 ರನ್, ರನ್‌ಗೆ 5 ಮೆಟ್ರಿಕ್, ದಿನಕ್ಕೆ 9,600 ಆಯಿತು. ಮಿತಿ ಮೀರಿತು. ಮೀರಿದ ಮೇಲೆ ಬಂದದ್ದನ್ನು ಸದ್ದಿಲ್ಲದೆ ಎಸೆದಿರಿ, ರನ್ ಫೇಲಾಯಿತು ಅಂತ ತಿಳಿಸುವ ಈವೆಂಟ್‌ಗಳನ್ನೂ ಸೇರಿಸಿ. ಮಿತಿ ಮೀರಿದರೆ 429 ಕೊಡುತ್ತೇವೆ ಅಂತ ಬರೆದಿರುವುದು ನೀವೇ ಅಲ್ವಾ? ಒಂದೇ ಒಂದು 429 ಬಂದಿದ್ದರೂ ನಮ್ಮ ಹ್ಯಾಂಡ್ಲರ್ ನನಗೆ ಮೇಲ್ ಕಳಿಸುತ್ತಿತ್ತು. ಎಸೆದದ್ದಕ್ಕೂ ಸೇರಿಸಿ ಜಾಸ್ತಿ ಬಿಲ್ ಬೇರೆ ಹಾಕಿದ್ದೀರಿ!

ಆ ಬಿಲ್ ಕಟ್ಟುವುದಿಲ್ಲ. ನಮ್ಮದೇ ಸರ್ವರ್‌ನಲ್ಲಿ ಪ್ರೊಮಿಥಿಯಸ್ ಅನ್ನುವ ಮಾನಿಟರಿಂಗ್ ಸಾಫ್ಟ್‌ವೇರ್ ಎದ್ದು ನಿಂತಿದೆ, ಅಲರ್ಟ್‌ಗಳು ಬರುತ್ತಿವೆ. ತಿಂಗಳ ಕೊನೆಗೆ ನಿಮ್ಮ ಕೀಗಳನ್ನೆಲ್ಲ ಅಳಿಸುತ್ತೇನೆ. ಆ 96 ಉತ್ತರಗಳ ಲಾಗ್, ಕರೆಯ ರೆಕಾರ್ಡಿಂಗ್ ಎರಡೂ ನನ್ನ ಹತ್ತಿರ ಇವೆ. ಏಳು ದಿನದೊಳಗೆ ಆ ಡೈರಿ ಸೆಕ್ರೆಟರಿಗಳಿಗೆ ನಿಮ್ಮ ತಪ್ಪು ಒಪ್ಪಿಕೊಂಡು ಪತ್ರ ಬರೆಯದಿದ್ದರೆ ನಮ್ಮ ವಕೀಲರ ನೋಟಿಸ್ ಬರುತ್ತದೆ. ಅದನ್ನೂ ಟಿಕೆಟ್ ಮುಚ್ಚಿದ ಹಾಗೆ ಮುಚ್ಚಲು ಆಗುವುದಿಲ್ಲ.

ಇಂತಿ,
ಟೆಕ್ನಿಕಲ್ ಗೊತ್ತಿರುವವಳು