ನೇಪಾಳದಿಂದ ಬಂದೆವು, ಭಾನುವಾರ ಸಾಕ್ಷಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಎಲ್ಲರೂ ಕ್ಷೇಮವಾಗಿ ಪುಣೆ ತಲುಪಿದ್ದೇವೆ. ನೇಪಾಳದಲ್ಲಿ ವಾರದ ರಜೆ ಶನಿವಾರ, ಹಾಗಾಗಿ ಆರಾಧನೆಯೂ ಅವತ್ತೇ. 2015ರ ಏಪ್ರಿಲ್ 25ರ ಭೂಕಂಪವೂ ಶನಿವಾರವೇ ಬಂದಿದ್ದು, ಜನ ಆರಾಧನೆಯಲ್ಲಿದ್ದಾಗಲೇ ಎಷ್ಟೋ ಚರ್ಚುಗಳು ಕುಸಿದವು. ಅವತ್ತು ಗಂಡನನ್ನು ಕಳೆದುಕೊಂಡ ಅಕ್ಕ ಒಬ್ಬರು ಈಗಲೂ ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿ, ಬಾಗಿಲಲ್ಲಿ ಚಪ್ಪಲಿಗಳನ್ನು ಸಾಲಾಗಿ ಜೋಡಿಸಿ, ಆಮೇಲೆ ಮಾದಲ್ (ಅಲ್ಲಿನ ಕೈಡೋಲು) ಬಾರಿಸುತ್ತಾ ಹಾಡು ಶುರು ಮಾಡುತ್ತಾರೆ. ನಂಬಿಕೆ ಇದ್ದವರಿಗೆ ಅಳು ಬರಲ್ಲ ಅಂತೇನಿಲ್ಲ, ಅವರು ಅಳುತ್ತಲೇ ಹಾಡಿದರು. ಕಷ್ಟ ಬಂದರೆ ನಾವು ಮೊದಲು ಬಿಡೋದೇ ಸಭೆಯನ್ನು, ಅಲ್ವಾ?

ದಯವಿಟ್ಟು ಗಮನಿಸಿ: ಅಲ್ಲಿ ಮತಾಂತರ ಮಾಡಿಸುವುದು ಕಾನೂನಿನಲ್ಲಿ ಅಪರಾಧ, ಸುಮ್ನೆ ಆರೋಪ ಬಂದರೂ ಅಲ್ಲಿನ ಸಭೆಯವರಿಗೆ ತೊಂದರೆ. ಹಾಗಾಗಿ ಅಲ್ಲಿನ ಫೋಟೋಗಳನ್ನು ಫಾರ್ವರ್ಡ್ ಮಾಡಬೇಡಿ, ಸ್ಟೇಟಸ್‌ಗೂ ಬೇಡ.

ಭಾನುವಾರ ಆರಾಧನೆ ಆದಮೇಲೆ ಪೂರ್ತಿ ಹೇಳುತ್ತೇವೆ. ಪಿಂಪ್ರಿ, ಖಡ್ಕಿ ಕಡೆಯವರು ಲೋಕಲ್ ರೈಲಿನ ಸಮಯ ನೋಡಿಕೊಂಡು ಹೊರಡಿ.