ಕಲೆ ಬರೀ ಪ್ರತಿಭಾ ಕಾರಂಜಿಗೇ ಸಾಕಾ?

ಮಾನ್ಯರೇ,

ಮಗಳ ಶಾಲೆಯ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಡ್ರಾಯಿಂಗ್ ಪೀರಿಯಡ್ ಇದೆ, ಹೆಸರಿಗೆ ಮಾತ್ರ. ಪರೀಕ್ಷೆ ಬಂದರೆ ಗಣಿತದವರು, ಮಳೆ ರಜೆಯಿಂದ ಪಾಠ ಉಳಿದರೆ ವಿಜ್ಞಾನದವರು ಅದನ್ನು ತೆಗೆದುಕೊಳ್ಳುತ್ತಾರೆ. ಕೊಡಗಿನಲ್ಲಿ ಮಳೆ ರಜೆಗೇನು ಬರವೇ? ಜೂನ್‌ನಲ್ಲಿ ಕೊಂಡ ಬಣ್ಣದ ಡಬ್ಬಿಯ ಮುಚ್ಚಳ ಇನ್ನೂ ಸಡಿಲವಾಗಿಲ್ಲ.

ಪ್ರತಿಭಾ ಕಾರಂಜಿ ಹತ್ತಿರ ಬಂದಾಗ ಮಾತ್ರ ಎಲ್ಲರಿಗೂ ಕಲೆ ನೆನಪಾಗುತ್ತದೆ. ತರಾತುರಿಯ ತಾಲೀಮು. ಮೊದಲೇ ಚೆನ್ನಾಗಿ ಹಾಡುವ, ಕುಣಿಯುವ ನಾಲ್ಕು ಮಕ್ಕಳಿಗೆ ವೇದಿಕೆ, ಉಳಿದವರು ಸುಮ್ನೆ ಚಪ್ಪಾಳೆ ತಟ್ಟಲು. ಹತ್ತನೇ ತರಗತಿವರೆಗೂ ಕಲೆ ಒಂದು ವಿಷಯವಾಗಿಯೇ ಇರಬೇಕು ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. 2020ರ ಶಿಕ್ಷಣ ನೀತಿಯೂ ಅದನ್ನು ಪಠ್ಯೇತರ ಎಂದು ಪಕ್ಕಕ್ಕಿಡಬೇಡಿ ಎನ್ನುತ್ತದೆ.

ಕಲಿಸುವವರು ಇಲ್ಲ ಎನ್ನುವ ಹಾಗೂ ಇಲ್ಲ. ಕೊಡವ ಮಹಿಳೆಯರ ಜಾನಪದ ನೃತ್ಯ ಉಮ್ಮತ್ತಾಟ್‌ಗೆ ಜೀವ ತುಂಬಿದ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ದುಡಿ ಬಾರಿಸುವವರು, ಹುತ್ತರಿ ಕೋಲಾಟದ ಹಿರಿಯರು ಊರಲ್ಲೇ ಇದ್ದಾರೆ. ದುಡಿಯ ತಾಳಕ್ಕೆ ಹೆಜ್ಜೆ ಹಾಕುವ ಮಗು ಪಕ್ಕದವರನ್ನು ಗಮನಿಸಬೇಕು, ಕಾಯಬೇಕು, ತಪ್ಪಿದರೆ ನಾಚದೆ ಮತ್ತೆ ಸಾಲಿಗೆ ಸೇರಬೇಕು. ಇದನ್ನು ಯಾವ ಟ್ಯೂಷನ್‌ನಲ್ಲೂ ಹೇಳಿಕೊಡುವುದಿಲ್ಲ. ಅನುಕೂಲ ಇದ್ದವರು ಮಕ್ಕಳನ್ನು ಮಡಿಕೇರಿಯ ಸಂಗೀತ ಕ್ಲಾಸಿಗೆ ಕಳಿಸುತ್ತಾರೆ. ತೋಟದ ಕಾರ್ಮಿಕರ ಲೈನ್‌ಮನೆಯ ಮಕ್ಕಳಿಗೆ ಶಾಲೆ ಬಿಟ್ಟರೆ ಬೇರೆ ದಾರಿ ಇಲ್ಲ.

ಕಲಾ ಪೀರಿಯಡ್‌ಗೆ ಯಾರೂ ಕೈ ಹಾಕದಂತೆ ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಲಿ. ಶಿಕ್ಷಕರಿಲ್ಲದ ಕಡೆ, ನೇಮಕಾತಿ ಆಗುವವರೆಗೆ, ಊರಿನ ಕಲಾವಿದರನ್ನೇ ಗೌರವಧನ ಕೊಟ್ಟು ಶನಿವಾರ ಕರೆಸಲಿ.

— ಒಬ್ಬ ಪೋಷಕಿ, ನಾಪೋಕ್ಲು